ಮೂರನೆಯ ಕಂಬದ ಬಿಸಿಲು

ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಯಾರಾದರೂ "ಏನ್ ಕೆಲಸಾ ಮಾಡ್ತೀರಿ" ಎಂದು ಕೇಳಿದರೆ ವಿಶಾಖಾಳಿಗೆ ಇವತ್ತಿಗೂ ಒಂದು ಗಳಿಗೆ ಬಾಯಿ ಕಟ್ಟುತ್ತದೆ. ಐವತ್ತೊಂದು ವರ್ಷದ ಹೆಂಗಸು, ಬರೋಡಾ, ಪುಣೆ ಎಂದು ಇಪ್ಪತ್ತೈದು ವರ್ಷ ತಿರುಗಿ ಬಂದವಳು, ತನ್ನ ಕೆಲಸ ಏನೆಂದು ತನ್ನ ಭಾಷೆಯಲ್ಲಿ ಹೇಳಲಾರಳು. ಅವತ್ತೂ ಹಾಗೇ ಆಯಿತು.

"ಬೆಳಕಿನ ಕೆಲಸರಿ," ಎಂದಳು.

"ಲೈಟ್ ಫಿಟಿಂಗೇನ್ರಿ?" ಪಕ್ಕದಾಕೆ ಸೆರಗು ಸರಿಮಾಡಿಕೊಂಡು ಹತ್ತಿರ ಸರಿದಳು. "ನಮ್ಮ ಮನ್ಯಾಗೂ ಒಂದ ಬಟನ್ ಕೆಟ್ಟೈತಿ ನೋಡ್ರಿ. ಒತ್ತಿದ್ರ ಫ್ಯಾನ್ ತಿರಗತೈತಿ, ಲೈಟ್ ಹತ್ತಂಗಿಲ್ಲ."

"ವಾಯರಿಂಗ್ ಅಲ್ರಿ. ಬಿಸಲು ಎಲ್ಲಿ ಬೀಳಬೇಕು, ಹೆಂಗ ಬೀಳಬೇಕು ಅಂತ ನೋಡೂದು."

ಆಕೆ ಕಿಟಕಿಯ ಹೊರಗೆ ನೋಡಿದಳು. ಜೋಳ ಕೊಯ್ದ ಹೊಲಗಳ ಮೇಲೆ ಫೆಬ್ರುವರಿಯ ಬಿಸಿಲು ಕಣ್ಣು ಹಾಯುವಷ್ಟು ದೂರ ಬಿದ್ದುಕೊಂಡಿತ್ತು. "ಅದನ್ನ ನೋಡೂದೇನೈತ್ರಿ," ಎಂದಳು. "ನಮ್ಮಲ್ಲಿ ಎಲ್ಲಾ ಕಡೆ ಬೀಳತೈತಲ್ಲ."

ವಿಶಾಖಾ ನಕ್ಕಳು. ಎಲ್ಲ ಕಡೆ ಬೀಳುವ ಬಿಸಿಲನ್ನು ಯಾರೂ ನೋಡುವುದಿಲ್ಲ. ಕತ್ತಲೆಯ ಒಳಗೆ ತಟ್ಟೆಯಷ್ಟು ಬಿದ್ದರೆ ನಿಂತು ನೋಡುತ್ತಾರೆ. ಅವಳ ಕೆಲಸವೆಲ್ಲ ಇಷ್ಟೇ. ಪುಣೆಯಲ್ಲಿ ಮುಚ್ಚಿಹೋದ ಒಂದು ಬಟ್ಟೆ ಗಿರಣಿಯ ಗೋಡೆಗೆ ಉದ್ದನೆಯ ಸೀಳು ಬಿಡಿಸಿ, ಸಂಜೆಯ ಬಿಸಿಲು ಒಂದು ಕಾಲಕ್ಕೆ ಮಗ್ಗಗಳಿದ್ದ ಜಾಗಗಳನ್ನು ಒಂದೊಂದಾಗಿ ಮುಟ್ಟಿಹೋಗುವಂತೆ ಮಾಡಿದ್ದಳು. ಅಲ್ಲಿ ಕೆಲಸ ಮಾಡಿದ್ದ ಮುದುಕರು ಬಂದು ತಮ್ಮ ತಮ್ಮ ಜಾಗದಲ್ಲಿ ಬಿಸಿಲು ಬರುವುದನ್ನು ಕಾದು ನಿಂತಿದ್ದರು. ಪತ್ರಿಕೆಯವರು ಬರೆದರು, ದೊಡ್ಡ ಊರುಗಳಿಂದ ಕರೆ ಬಂತು.

ಎಲ್ಲೇ ಮಾತಾಡಲು ನಿಂತರೂ ಅವಳು ಬಿಜ್ಜರಗಿಯ ತವರುಮನೆಯಿಂದ ಶುರುಮಾಡುತ್ತಿದ್ದಳು. ಮಣ್ಣಿನ ಮಾಳಿಗೆಯ, ಎಂದರೆ ಮಣ್ಣು ಹಾಸಿದ ಚಾವಣಿಯ ಮನೆ. ಕಿಟಕಿಯೆಂಬುದಿಲ್ಲ. ಅಡಿಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಇಳಿದ ಬಿಸಿಲಿನ ಬಿಲ್ಲೆ ಬೆಳಿಗ್ಗೆ ಪಡುವಣ ಗೋಡೆಯ ಮೇಲೆ ಕೂತು, ಕೆಳಗಿಳಿದು, ನೆಲದ ಮೇಲೆ ಇಷ್ಟಿಷ್ಟೇ ಜರುಗುತ್ತಿತ್ತು. ಅದು ಬೀಸುಕಲ್ಲಿಗೆ ಬಂದರೆ ಅವ್ವ ಭೀಮಾಬಾಯಿ ಒಲೆ ಹೊತ್ತಿಸುವಳು. ಒಲೆಯ ಮುಂದಿನ ಕರಿಯ ಹಾಸುಗಲ್ಲಿಗೆ ಬಂದರೆ ಕುರಿ ಕಾಯಲು ಹೋದವರಿಗೆ ಬುತ್ತಿ. ಮೂಡಣ ಗೋಡೆ ಹತ್ತಿದರೆ ಸಾಲಿ ಬಿಡುವ ಹೊತ್ತು. "ನಮ್ಮವ್ವನಿಗೆ ಗಡಿಯಾರ ಓದಲು ಬರುತ್ತಿರಲಿಲ್ಲ, ಬಿಸಿಲು ಓದಲು ಬರುತ್ತಿತ್ತು," ಎಂದು ವಿಶಾಖಾ ಸಭೆಗಳಲ್ಲಿ ಹೇಳುತ್ತಿದ್ದಳು. ಈ ಮಾತನ್ನು ಅವಳು ನೂರು ಸಲವಾದರೂ ಹೇಳಿರಬೇಕು.

ಅವ್ವ ತೀರಿಕೊಂಡು ಆರು ವರ್ಷ. ತಮ್ಮ ಅಮೋಘಿ ಹಳೆಯ ಮನೆ ಕೆಡವಿ ಸ್ಲ್ಯಾಬು ಹಾಕಿಸಿದ. ಅವನದು ತಪ್ಪೆಂದು ಅವಳಿಗೆ ಅನಿಸಲಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಬೋಗುಣಿ ಇಡುತ್ತ ಕೂತವರು ಅವರು. ಕರಿಯ ಹಾಸುಗಲ್ಲನ್ನು ಮಾತ್ರ ಕೇಳಿ ಇಸಿದುಕೊಂಡಿದ್ದಳು.

ಆ ಕಲ್ಲಿಗೆ ಈಗ ಒಂದು ಜಾಗ ಸಿಕ್ಕಿತ್ತು. ಬಬಲೇಶ್ವರದ ಸಂತೆಕಟ್ಟೆ. ಉದ್ದನೆಯ ತಗಡಿನ ಶೆಡ್ಡು, ಎರಡೂ ಬದಿಗೆ ಗೋಡೆ, ನಡುವೆ ಕಂಬಗಳು. ಗೋಡೆ ಎತ್ತರವಾದ್ದರಿಂದ ನಡುಭಾಗ ಹಗಲಿನಲ್ಲೂ ಮಬ್ಬು. ಸಂತೆ ಸಮಿತಿಯ ಅಧ್ಯಕ್ಷ ಶಿವಯೋಗೆಪ್ಪ, ಗೊಬ್ಬರದ ಅಂಗಡಿಯ ಯಜಮಾನ, ಪತ್ರಿಕೆಯಲ್ಲಿ ಅವಳ ಫೋಟೋ ನೋಡಿ ತಾನೇ ಫೋನು ಮಾಡಿದ್ದ. "ನಮ್ಮ ಭಾಗದ ಹೆಣ್ಮಗಳು ಎಲ್ಲೆಲ್ಲೋ ಮಾಡೀರಿ, ನಮ್ಮ ಊರಾಗೂ ಏನರೆ ಮಾಡ್ರಲ್ಲ. ಬಣ್ಣಬಣ್ಣದ ಲೈಟಿನ ನವಿಲ ಆದ್ರ ಭಾಳ ಚಲೋ." ನವಿಲಿನಿಂದ ಅವನನ್ನು ಬೆಳಕಿಂಡಿಗೆ ಇಳಿಸುವುದಕ್ಕೆ ಅವಳಿಗೆ ಎರಡು ತಿಂಗಳು ಹಿಡಿಯಿತು. ಪುಣೆಯ ಒಂದು ಕಲಾಸಂಸ್ಥೆ ಬೆನ್ನಿಗೆ ನಿಂತಿತು. ಆಮೇಲೆ ಮೂರು ತಿಂಗಳು ಅವಳು ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಬಂದು, ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಬಿಸಿಲಿನ ದಾರಿ ಅಳೆದಳು. ಖಾಲಿ ನೆಲ ಬೇಕಾಗಿದ್ದರಿಂದ ಸಂತೆಯ ದಿನ ಬಿಟ್ಟು ಬೇರೆ ದಿನ ಬರುತ್ತಿದ್ದಳು. ವ್ಯಾಪಾರಕ್ಕೆ ಅಡ್ಡಿಯಾಗಬಾರದೆಂಬ ಒಳ್ಳೆಯ ಬುದ್ಧಿಯೂ ಅದರಲ್ಲಿತ್ತು. ತಪ್ಪು ಹುಟ್ಟಿದ್ದು ಅಲ್ಲೇ.

ತಗಡಿಗೆ ದುಂಡನೆಯ ಕಿಂಡಿ ಕೊಯ್ದವನು ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯ ಮುರ್ತುಜಾಸಾಬ. ಅರವತ್ತು ದಾಟಿದ ತಗಡಿನ ಕೆಲಸಗಾರ. ಟ್ರಂಕು, ಕೊಳವೆ, ಕೂಲರಿನ ಡಬ್ಬಿ ಮಾಡಿ ಕೈ ಹಣ್ಣಾದವನು. ಕಿಂಡಿ ಕೊಯ್ದು, ಮಳೆ ಬಾರದಂತೆ ಗಾಜು ಕೂಡಿಸಿ, ಏಣಿಯಿಂದ ಇಳಿದು ಬಂದು ಕೇಳಿದ್ದ: "ಮುಚ್ಚಳಾ ಬ್ಯಾಡೇನ್ರಿ ಬಾಯಾರ?"

"ಗಾಜ ಐತೆಲ್ರಿ, ಮುಚ್ಚಳಾ ಯಾಕ?"

"ನನ್ನ ಕಸಬಿನ್ಯಾಗ ಮುಚ್ಚಳಿಲ್ದ ಯಾವದನ್ನೂ ಮಾಡಿಲ್ಲ, ಅದಕ ಕೇಳ್ದೆ," ಎಂದು ಅವನು ಬೀಡಿ ಹುಡುಕಿಕೊಂಡಿದ್ದ.

ನಡುಹಗಲಿನ ಹೊತ್ತಿಗೆ ಬಿಲ್ಲೆ ಮೂರನೆಯ ಕಂಬದ ಬುಡಕ್ಕೆ ಬರುತ್ತಿತ್ತು. ಅಲ್ಲೇ ನೆಲ ಅಗೆದು ಅವ್ವನ ಹಾಸುಗಲ್ಲನ್ನು ಹೂಳಿಸಿದಳು. ಕಲ್ಲು ಟಿಕೋಟಾ ದಾರಿಯಿಂದ ಟೆಂಪೋದಲ್ಲಿ ಬಂತು. ಮೊದಲ ಸಲ ಅದರ ಮೇಲೆ ಬಿಸಿಲು ಕೂತಾಗ ವಿಶಾಖಾ ಒಬ್ಬಳೇ ಇದ್ದಳು. ಅತ್ತಳು ಕೂಡ. ಉದ್ಘಾಟನೆಗೆ ಇನ್ನೂ ಮೂರು ವಾರ ಇತ್ತು.

ಅವತ್ತು ಬಸ್ಸಿನಿಂದ ಇಳಿದಾಗ, ಮೊದಲ ಬಾರಿ, ಸಂತೆಯ ದಿನ. ತನ್ನ ಬಿಸಿಲಿನ ಸುತ್ತ ಜನ ಹೇಗಿರುತ್ತಾರೆಂದು ನೋಡುವ ಆಸೆ ಅವಳಿಗೆ. ಒಳಗೆ ಹೋದರೆ ಮೂರನೆಯ ಕಂಬದ ಸುತ್ತ ನಾಲ್ಕು ಕಬ್ಬಿಣದ ಗೂಟ ನೆಟ್ಟು ಸರಪಳಿ ಎಳೆದಿದ್ದರು. ಒಂದು ಬೋರ್ಡು: ಕಲಾಕೃತಿ, ಇಲ್ಲಿ ಕುಳಿತುಕೊಳ್ಳಬಾರದು. ಕಲ್ಲಿನ ಮೇಲೆ ಬಿಸಿಲು ಒಂಟಿಯಾಗಿ ಕೂತಿತ್ತು. ಜನ ಸರಪಳಿಗೆ ಕಾಲು ಎಡವಿ, ಬೈದುಕೊಂಡು, ಸುತ್ತುಹಾಕಿ ಹೋಗುತ್ತಿದ್ದರು. ಯಾರೂ ಬಿಸಿಲಿನ ಕಡೆ ನೋಡಲಿಲ್ಲ.

ಶೆಡ್ಡಿನ ಹೊರಗೆ, ಗೋಡೆಗೆ ಒತ್ತಿ, ಉರಿಬಿಸಿಲಲ್ಲಿ ಅರವತ್ತೈದರ ಒಬ್ಬ ಹೆಂಗಸು ಕೂತಿದ್ದಳು. ಮುಂದೆ ಒದ್ದೆ ಗೋಣಿಚೀಲ, ಅದರ ಮೇಲೆ ಮೆಂತೆ, ರಾಜಗಿರಿ, ಕೊತ್ತಂಬರಿಯ ಕಟ್ಟಿದ ಸೂಡುಗಳು. ಮೂರು ಬೆರಳಿಂದ ನೀರು ಚಿಮುಕಿಸುತ್ತಲೇ ಇದ್ದಳು. ಚಿಮುಕಿಸಿದ ನೀರು ಆರಿಹೋಗುತ್ತಲೇ ಇತ್ತು.

"ಇಲ್ಯಾಕ ಕುಂತೀರಿ, ಒಳಗ ನೆರಳ ಐತೆಲ್ಲ?" ಎಂದು ವಿಶಾಖಾ ಕೇಳಿದಳು.

"ನೆರಳಾಗ ಬಿಸಲು ಕುಂತೈತಿ ತಂಗಿ. ಅದಕ ನಾ ಬಿಸಲಾಗ ಬಂದೀನಿ." ಹೆಂಗಸು ತಲೆಯೆತ್ತಲಿಲ್ಲ. "ಯಾವಾಕೀನೋ ದೊಡ್ಡಾಕಿ ಬಂದು ತಗಡಿಗೆ ತೂತ ಕೊರಸ್ಯಾಳಂತ. ಅದಕ್ಕೊಂದು ಕಲ್ಲು, ಕಲ್ಲಿಗೊಂದು ಸರಪಳಿ. ನಮ್ಮತ್ತಿ ಕುಂತ ಜಾಗಾ ಅದು. ಆಕೀ ಮೂವತ್ತ ವರ್ಸ, ನಾ ಮೂವತ್ತ ವರ್ಸ. ಈಗ ಬಿಸಲಪ್ಪ ಕುಂದರತಾನ ನೋಡು, ಪಲ್ಲೆ ಮಾರಾಕ."

ಪಕ್ಕದಲ್ಲಿ ಬೆಳ್ಳುಳ್ಳಿ ಮಾರುವವಳು ಕಿಸಕ್ಕನೆ ನಕ್ಕಳು. "ಗುರುಸಿದ್ದವ್ವಾ, ಸೂಡಿಗೆ ಎಷ್ಟಂತ ಕೇಳಬೇ ಅವಗ."

ಸಂತೆಯಲ್ಲಿ ಯಾರ ಜಾಗಕ್ಕೂ ಗೆರೆ ಇಲ್ಲ, ಹೆಸರಿಲ್ಲ. ಆದರೆ ಅತ್ತೆಯಿಂದ ಸೊಸೆಗೆ ಬಂದ ನಾಲ್ಕು ಅಡಿ ಯಾರದೆಂದು ಇಡೀ ಸಂತೆಗೆ ಗೊತ್ತು. ಖಾಲಿ ನೆಲವನ್ನು ಮೂರು ತಿಂಗಳು ಅಳೆದವಳಿಗೆ ಅದು ಖಾಲಿಯಲ್ಲವೆಂದು ತಿಳಿದಿರಲಿಲ್ಲ. ತಾನೂ ಇಂಥದೇ ಮನೆಯಲ್ಲಿ ಹುಟ್ಟಿದವಳು. ಬಿಜ್ಜರಗಿಯಲ್ಲಿ ಅವ್ವ ರೊಟ್ಟಿ ಬಡಿಯುವ ಜಾಗದಲ್ಲಿ ಯಾರಾದರೂ ಹೀಗೆ ಗೂಟ ನೆಟ್ಟಿದ್ದರೆ?

"ಆಕಿ ನಾನರಿ," ಎಂದಳು.

ಗುರುಸಿದ್ದವ್ವ ಈಗ ತಲೆಯೆತ್ತಿದಳು. ಬೈಯುತ್ತಾಳೆಂದುಕೊಂಡರೆ ಬೈಯಲಿಲ್ಲ. ಬಾಡಿದ ಒಂದು ಕೊತ್ತಂಬರಿ ಸೂಡನ್ನು ಎತ್ತಿ ಅವಳ ಕೈಯಲ್ಲಿಟ್ಟಳು. "ಹಿಡಿ. ಹನ್ನೊಂದಕ್ಕ ಇದು ನೆಟ್ಟಗ ನಿಂತಿತ್ತು."

ವಿಶಾಖಾ ಅಲ್ಲೇ ಗೋಡೆಯ ಬುಡಕ್ಕೆ ಕೂತಳು. ಸಭೆಗಳಲ್ಲಿ ಹೇಳುವುದನ್ನೇ ತೊದಲುತ್ತ ಹೇಳಿದಳು: ಮಾಳಿಗೆಮನೆ, ಬೆಳಕಿಂಡಿ, ಬುತ್ತಿಯ ಹೊತ್ತು. ಗುರುಸಿದ್ದವ್ವ ಸೂಡು ತಿರುವುತ್ತ ಕೇಳಿಸಿಕೊಂಡಳು.

"ನಮ್ಮನ್ಯಾಗೂ ಇತ್ತು," ಎಂದಳು. "ಅಲ್ಲ ತಂಗಿ, ನಿಮ್ಮವ್ವ ಅದನ್ನ ಮುಚ್ಚತಿದ್ದಿಲ್ಲೇನು?"

"ಮಳಿ ಬಂದಾಗ ಮುಚ್ಚತಿದ್ಲು."

"ಮಳಿದ ಬಿಡು. ಬ್ಯಾಸಿಗ್ಯಾಗ. ಉಂಡಿಂದ." ಗುರುಸಿದ್ದವ್ವ ಸ್ವಲ್ಪ ನಕ್ಕಳು. "ಹನ್ನೆರಡ ಮಂದಿ ಇರೂ ಮನ್ಯಾಗ ಕೂತ ಉಸರ ಬಿಡಾಕ ಒಂದ ಜಾಗಾ ಬೇಕಲ. ನಾ ಮುಚ್ಚತಿದ್ನೆವ್ವಾ. ಮುಚ್ಚಾಕ ಬರತಿತ್ತಂತ ತೆರದದ್ದ ಚಂದ ಕಾಣತಿತ್ತು."

ವಾಪಸು ಬಸ್ಸಿನಲ್ಲಿ ವಿಶಾಖಾ ಕೊತ್ತಂಬರಿ ಸೂಡು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಟಿಕೆಟ್ಟಿನವನು ಎರಡು ಸಲ ಕೇಳಬೇಕಾಯಿತು.

ಅವ್ವನ ಬಿದಿರಿನ ಕೋಲು ನೆನಪಾಯಿತು. ಅದು ಬಾಗಿಲ ಹಿಂದೆ ನಿಂತಿರುತ್ತಿತ್ತು. ಎಣ್ಣೆಡಬ್ಬಿಯ ತಗಡನ್ನು ಆ ಕೋಲಿನ ತುದಿಯಿಂದ ಜರುಗಿಸಿ ಅವ್ವ ಬೆಳಕಿಂಡಿ ಮುಚ್ಚುತ್ತಿದ್ದಳು. ಎಲ್ಲರ ಊಟ ಮುಗಿದು, ಮುಸುರೆ ತೊಳೆದು, ಮಾವ, ಮೈದುನರು ಹೊರಗೆ ಹೋದಮೇಲೆ. ಬಾಗಿಲು ಎಳೆದು ಮುಂದೆ ಮಾಡಿದ್ದಾಳೆ. ಐದಾರು ವರ್ಷದ ವಿಶಾಖಾ ಹೊರಗೆ ನಿಂತು "ಅವ್ವಾ" ಎನ್ನುತ್ತಾಳೆ. ಒಳಗಿನಿಂದ "ತಡಿ" ಎಂದಷ್ಟೇ ಬರುತ್ತದೆ. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟರೆ ಏನೂ ಕಾಣಿಸುವುದಿಲ್ಲ. ಅರ್ಧ ತಾಸಿನ ಮೇಲೆ ತಗಡು ಜರುಗಿದ ಸದ್ದು, ಬಿಸಿಲಿನ ಬಿಲ್ಲೆ ಧೊಪ್ಪನೆ ನೆಲಕ್ಕೆ. ಅವ್ವ ಮುಖ ತೊಳೆದುಕೊಂಡು ಹೊರಗೆ ಬರುತ್ತಾಳೆ. ದೊಡ್ಡವಳಾದಮೇಲೆ ಒಮ್ಮೆ ಕೇಳಿದ್ದಳು, ಕತ್ತಲಾಗ ಏನ್ ಮಾಡ್ತಿದ್ದಿ ಅವ್ವಾ ಎಂದು. "ಏನೂ ಮಾಡ್ತಿದ್ದಿಲ್ಲ," ಎಂದಿದ್ದಳು ಭೀಮಾಬಾಯಿ. ಮಗಳು ಅದನ್ನು ಉತ್ತರವೆಂದು ತಿಳಿದಿರಲಿಲ್ಲ.

ನೂರು ಸಭೆಗಳಲ್ಲಿ ಅವ್ವನ ಬೆಳಕನ್ನು ಹೇಳಿದವಳು ಅವ್ವನ ಕೋಲನ್ನು ಒಂದು ಸಲವೂ ಹೇಳಿರಲಿಲ್ಲ.

ಮರುದಿನ ಶಿವಯೋಗೆಪ್ಪನ ಅಂಗಡಿಗೆ ಹೋಗಿ ಸರಪಳಿ ತೆಗೆಸಬೇಕೆಂದಳು. ಅವನಿಗೆ ನಿಜವಾಗಿಯೂ ಬೇಸರವಾಯಿತು. "ನಿಮ್ಮ ಕಲಾ ಕಾಯಾಕ ಹಾಕಿಸೀನ್ರಿ ಮೇಡಂ. ಕಲ್ಲ ಮ್ಯಾಲೆ ಎಲಿ ಉಗುಳಿದ್ರ ನನ್ನ ಹೆಸರ ಹೋಗತೈತಿ."

"ಆ ಕಲ್ಲು ಕುಂದ್ರಾಕ ಇರೂದರಿ. ಗುರುಸಿದ್ದವ್ವ ಅಲ್ಲೇ ಕುಂದ್ರಬೇಕು."

"ಆಕೀಗೆ ನಳದ ಹಂತ್ಯಾಕ ಜಾಗಾ ತೋರಿಸೀನಿ. ನೀರ ಐತಿ, ಚಲೋ ಐತಿ. ಒಲ್ಯಾ ಅಂತಾಳ, ಹಟಮಾರಿ." ಅವನು ಲೋಟದ ಚಹ ಅವಳತ್ತ ಸರಿಸಿದ. "ಮತ್ತ ಆಕಿ ಕುಂತ್ರೂ ಬಿಸಲ ತಲೀ ಮ್ಯಾಲೆ ಬೀಳತೈತಿ, ಪಲ್ಲೆ ಬಾಡತೈತಿ. ಬಿಸಲರೆ ಇರಬೇಕು, ಆಕಿಯರೆ ಇರಬೇಕು. ನೀವ ಹೇಳ್ರಿ."

ಕಿಂಡಿಗೆ ತಗಡು ಬಡಿದು ಮುಚ್ಚಿಬಿಡಿ ಎನ್ನುವ ಮಾತು ವಿಶಾಖಾಳ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ಐದಾರು ತಿಂಗಳ ಕೆಲಸ ಹೋಗುತ್ತಿತ್ತು. ತನ್ನ ನೆಲದಲ್ಲಿ ತಾನು ಮಾಡಿದ ಮೊದಲನೆಯದು. ಆದರೂ ಹೇಳುತ್ತಿದ್ದಳೇನೋ. ಆಗ ಮುರ್ತುಜಾಸಾಬನ ಪ್ರಶ್ನೆ ನೆನಪಾಯಿತು.

"ಮುಚ್ಚಳಾ ಮಾಡಸ್ತೀನ್ರಿ," ಎಂದಳು.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮುರ್ತುಜಾಸಾಬ ಸುತ್ತಿಗೆ ಕೆಳಗಿಟ್ಟು, ಅವಳ ಮಾತು ಪೂರ್ತಿ ಕೇಳಿ, "ಅವತ್ತ ಕೇಳಿದ್ನೆಲ್ರಿ," ಎಂದ. ಅಷ್ಟಕ್ಕೇ ಬಿಟ್ಟ, ಅದೇ ಅವನ ದೊಡ್ಡತನ. ಕೀಲು ಹಚ್ಚಿದ ದುಂಡು ಮುಚ್ಚಳ, ಅದಕ್ಕೊಂದು ಬಾವಿಯ ಗಡಗಡಿಯಂಥ ಸಣ್ಣ ಗಾಲಿ, ಗಾಲಿಯಿಂದ ಕೆಳಗಿಳಿಯುವ ಹಗ್ಗ. ಎಳೆದು ಕಟ್ಟಿದರೆ ತೆರೆದಿರಬೇಕು, ಬಿಟ್ಟರೆ ತಾನೇ ಮುಚ್ಚಬೇಕು.

"ಹಗ್ಗ ಎಲ್ಲಿ ಇಳಸೂದ್ರಿ? ಸಮಿತಿ ಆಫೀಸ್ ಗ್ವಾಡಿಗೇನ?"

"ಮೂರನೇ ಕಂಬಕ್ಕ. ಕೂತವರ ಕೈಗೆ ನಿಲುಕೂ ಹಂಗ."

ಮುಂದಿನ ಸಂತೆಗೆ ಗೂಟ, ಸರಪಳಿ, ಬೋರ್ಡು ಹೋಗಿದ್ದವು. ವಿಶಾಖಾ ಹಗ್ಗದ ತುದಿಯನ್ನು ತಂದು ಗುರುಸಿದ್ದವ್ವನ ಕೈಗೆ ಕೊಟ್ಟಳು.

"ಇದು ನಿಮ್ಮದು. ಯಾರ ಹೇಳಿದ್ರೂ ಎಳೀಬ್ಯಾಡ್ರಿ. ನಿಮಗ ಬೇಕನಿಸಿದಾಗ ಎಳೀರಿ."

"ಶಿವಯೋಗೆಪ್ಪ ಹೇಳಿದ್ರ?"

"ಬ್ಯಾಡ್ರಿ."

"ನೀ ಹೇಳಿದ್ರ?"

ವಿಶಾಖಾ ತಲೆಯೆತ್ತಿ ಕಿಂಡಿ ನೋಡಿದಳು. "ನಾ ಹೇಳಿದ್ರೂ."

ಗುರುಸಿದ್ದವ್ವ ಹಗ್ಗವನ್ನು ಒಮ್ಮೆ ಎಳೆದು ನೋಡಿ, ಬಿಟ್ಟು, ಗೋಣಿಚೀಲ ಹಾಸಿ ಕರಿಯ ಕಲ್ಲಿನ ಮೇಲೆ ಕೂತಳು. "ತಂಪ ಐತಿ," ಎಂದಳು.

ಉದ್ಘಾಟನೆಯೂ ಸಂತೆಯ ದಿನವೇ ಬಂತು. ಹನ್ನೆರಡಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಶಿವಯೋಗೆಪ್ಪ ಮಾಲೆ, ಶಾಲು ಹಿಡಿದು ಬಂದ. ಪುಣೆಯ ಕಲಾಸಂಸ್ಥೆಯಿಂದ ಇಬ್ಬರು ಬಂದಿದ್ದರು, ಒಬ್ಬನ ಕೊರಳಲ್ಲಿ ಕ್ಯಾಮರಾ. ಅವರು ಒಂದು ಗಂಟೆಗೆ ಹೊರಡಬೇಕು, ಸೋಲಾಪುರದಲ್ಲಿ ರೈಲು. ಅಷ್ಟರಲ್ಲಿ ಬಿಸಿಲು ಕಲ್ಲನ್ನು ದಾಟಿಯೂ ಹೋಗಿರುತ್ತಿತ್ತು.

"ಗುರುಸಿದ್ದವ್ವಾ, ಎಳಿ ಬೇ," ಎಂದ ಶಿವಯೋಗೆಪ್ಪ.

ಗುರುಸಿದ್ದವ್ವ ಮುಂದಿನ ರಾಶಿ ನೋಡಿದಳು. "ಇನ್ನಾ ಹದಿನಾರ ಸೂಡ ಅದಾವ. ತಡೀರಿ."

"ಏ, ದೊಡ್ಡ ಮಂದಿ ಬಂದಾರ. ಒಂದ ಹತ್ತ ಮಿನಿಟ."

"ದೊಡ್ಡ ಮಂದಿ ಪಲ್ಲೆ ತಿನ್ನಂಗಿಲ್ಲೇನ್ರಿ? ತಲೀಗೆ ನಾಕ ಸೂಡ ಒಯ್ಯಲಿ, ಈಗ ಎಳೀತೀನಿ."

ಸುತ್ತ ನಿಂತವರು ನಕ್ಕರು. ಶಿವಯೋಗೆಪ್ಪ ನಗಲಿಲ್ಲ, ವಿಶಾಖಾಳ ಕಡೆ ತಿರುಗಿದ. ಕ್ಯಾಮರಾದವನೂ ತಿರುಗಿದ. ಹಗ್ಗ ಅವಳಿಂದ ಎರಡು ಮೊಳ ದೂರ ತೂಗುತ್ತಿತ್ತು. ತಲೆಯ ಮೇಲೆ, ತಗಡಿನ ಆಚೆ, ಅವಳು ಮೂರು ತಿಂಗಳು ಲೆಕ್ಕ ಹಾಕಿದ ಬಿಸಿಲು ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಬಂದು ನಿಂತಿತ್ತು. ಕೇಳಿದರೆ ಗುರುಸಿದ್ದವ್ವ ಹಗ್ಗ ಕೊಟ್ಟೇಬಿಡುತ್ತಾಳೆಂದು ವಿಶಾಖಾಳಿಗೆ ಗೊತ್ತಿತ್ತು. ಹಾಗೆ ಕೊಡಬಹುದಾದ್ದರಿಂದಲೇ ಕೇಳುವುದು ಕಷ್ಟವಾಯಿತು. ಗುರುಸಿದ್ದವ್ವ ಸೂಡಿನ ಮೇಲೆ ನೀರು ಚಿಮುಕಿಸುತ್ತ ಓರೆಗಣ್ಣಿನಿಂದ ಅವಳನ್ನೇ ನೋಡುತ್ತಿದ್ದಳು.

"ತಡ್ಯೂನ್ರಿ," ಎಂದಳು ವಿಶಾಖಾ. "ಆಕಿ ವ್ಯಾಪಾರ ಮುಗೀಲಿ."

ಪುಣೆಯವರು ಸಭ್ಯರು. ಮಬ್ಬಿನಲ್ಲೇ ನಿಂತರು. ವ್ಯಾಪಾರವೇನೂ ಅವರಿಗಾಗಿ ಓಡಲಿಲ್ಲ. ಒಬ್ಬ ಮುದುಕ ಎರಡು ಸೂಡಿಗೆ ಹದಿನೈದು ನಿಮಿಷ ಚೌಕಾಸಿ ಮಾಡಿದ. ಒಬ್ಬಾಕೆ ಮೆಂತೆ ಎಳೆಯದೋ ಬಲಿತದ್ದೋ ಎಂದು ಎಲೆ ಕಚ್ಚಿ ನೋಡಿ ಬಿಟ್ಟುಹೋದಳು. ಹನ್ನೆರಡೂವರೆ, ಮುಕ್ಕಾಲು. ಕ್ಯಾಮರಾದವನು ಹಗ್ಗದ ಚಿತ್ರ ತೆಗೆದ, ಮುಚ್ಚಿದ ಕಿಂಡಿಯ ಚಿತ್ರ ತೆಗೆದ, ಗುರುಸಿದ್ದವ್ವನ ಕೈಯ ಚಿತ್ರ ತೆಗೆದ. ಒಂದು ಗಂಟೆಗೆ ಕೈಮುಗಿದು ಹೊರಟರು. ಶಿವಯೋಗೆಪ್ಪ ಅವರನ್ನು ಕಾರಿನವರೆಗೆ ಬಿಡಲು ಹೋದವನು ತಿರುಗಿ ಬರಲಿಲ್ಲ. ಶಾಲು, ಮಾಲೆ ಈರುಳ್ಳಿ ಚೀಲದ ಮೇಲೆ ಉಳಿದವು.

ಒಂದೂವರೆಗೆ ಕೊನೆಯ ಸೂಡು ಹೋಯಿತು. ಗುರುಸಿದ್ದವ್ವ ಗೋಣಿಚೀಲ ಝಾಡಿಸಿ ಮಡಿಚಿದಳು. ಸೊಂಟ ಹಿಡಿದುಕೊಂಡು ಎದ್ದಳು. ಹಗ್ಗ ಎಳೆದು ಕಂಬಕ್ಕೆ ಕಟ್ಟಿದಳು.

ಬಿಸಿಲು ಕಲ್ಲಿನ ಮೇಲೆ ಬೀಳಲಿಲ್ಲ. ಅದರ ಹೊತ್ತು ಮೀರಿತ್ತು. ನಾಲ್ಕೈದು ಅಡಿ ಆಚೆ, ಓಡಾಡುವ ದಾರಿಯಲ್ಲಿ, ಕೊಳೆತ ಟೊಮೆಟೊ, ಈರುಳ್ಳಿ ಸಿಪ್ಪೆ, ಯಾರದೋ ಹರಿದ ಚಪ್ಪಲಿಯ ಮೇಲೆ ದುಂಡಗೆ ಬಿದ್ದಿತು. ಸಿಪ್ಪೆಗಳು ತಾಮ್ರದ ಹಾಗೆ ಹೊಳೆದವು. ದಾಟುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಹೊತ್ತುಕೊಂಡೇ ಅದರ ಅಂಚಿನಲ್ಲಿ ನಿಂತು, ತುಳಿಯದೆ ಸುತ್ತುಹಾಕಿ ಹೋದಳು. ಬೆಳ್ಳುಳ್ಳಿಯಾಕೆ ಕುತ್ತಿಗೆ ಚಾಚಿ ನೋಡಿದಳು. "ರೊಟ್ಟಿ ಇದ್ದಂಗೈತಲ್ಲಬೇ," ಎಂದಳು.

"ಊಟದ ಹೊತ್ತಾತು ಅಂತ ಹೇಳಾಕತ್ತೈತಿ," ಎಂದಳು ಗುರುಸಿದ್ದವ್ವ. ಬುತ್ತಿ ಬಿಚ್ಚಿದಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಈರುಳ್ಳಿ. ಅರ್ಧ ರೊಟ್ಟಿ ಮುರಿದು ವಿಶಾಖಾಳಿಗೆ ಕೊಟ್ಟಳು. ಇಬ್ಬರೂ ಬಿಸಿಲನ್ನು ನೋಡುತ್ತ ಉಂಡರು. ಅದು ಚಪ್ಪಲಿಯನ್ನು ಬಿಟ್ಟು ನಿಧಾನವಾಗಿ ಈರುಳ್ಳಿ ಚೀಲದ ಕಡೆಗೆ ಜರುಗುತ್ತಿತ್ತು.

"ಸಿಟ್ಟ ಬಂತೇನ ತಂಗಿ?" ಎಂದಳು ಗುರುಸಿದ್ದವ್ವ ಕೈ ತೊಳೆಯುತ್ತ.

"ಬಂತು. ಹನ್ನೆರಡೂವರಿಗೆ ಭಾಳ ಬಂದಿತ್ತು."

"ಮತ್ತ ಎಳಿ ಅನಲಿಲ್ಲ."

"ಇಲ್ಲ."

ಗುರುಸಿದ್ದವ್ವ ಮಡಿಚಿದ ಗೋಣಿಯನ್ನು ಕಂಬದ ಬುಡಕ್ಕೆ ಇಟ್ಟು, ಕರಿಯ ಕಲ್ಲಿನ ಮೇಲೆ ಕಾಲು ಚಾಚಿದಳು. ಸಂತೆ ಈಗ ಇಳಿದಿತ್ತು. ದೂರದಲ್ಲಿ ಒಂದು ತಕ್ಕಡಿಯ ಸದ್ದು, ಹೊರಗೆ ಜೀಪಿನವನ ಕೂಗು. ಅವಳು ಕೈ ಚಾಚಿ ಹಗ್ಗದ ಗಂಟು ಬಿಚ್ಚಿದಳು. ಮುಚ್ಚಳ ಬಿತ್ತು. ಬಿಸಿಲು ಇದ್ದಲ್ಲೇ ಆರಿತು.

ವಿಶಾಖಾ ಏಳಲು ಹೊರಟಳು. ಅವಳಿಗೆ ಗೊತ್ತಿದ್ದ ರೀತಿ ಅದೊಂದೇ: ಮುಚ್ಚಿದ ಮೇಲೆ ಹೊರಗೆ ನಿಂತು ಕಾಯುವುದು.

"ಕುಂದ್ರೂದಿದ್ರ ಕುಂದ್ರು," ಎಂದಳು ಗುರುಸಿದ್ದವ್ವ, ಕಣ್ಣು ಮುಚ್ಚಿಕೊಂಡೇ. "ಮಾತಾಡಬ್ಯಾಡ ಅಷ್ಟ."

ವಿಶಾಖಾ ಕಲ್ಲಿನ ಅಂಚಿಗೆ ಸರಿದು ಕೂತಳು. ತಂಪಾಗಿತ್ತು. ಕಣ್ಣು ಮಬ್ಬಿಗೆ ಹೊಂದಿಕೊಂಡಂತೆ ಕಂಬ ಕಂಡಿತು, ಗೋಣಿ ಕಂಡಿತು, ಕಣ್ಣು ಮುಚ್ಚಿದವಳ ಎದೆ ಏರಿ ಇಳಿಯುವುದು ಕಂಡಿತು. ಬಹಳ ಹೊತ್ತು ಅವಳು ಏನೂ ಮಾಡದೆ ಕೂತಿದ್ದಳು.